ಪೇಶೆಂಟ್ ಕಡೆಯವರು

ನಮ್ಮ ಕಡೆ ಯಾರಾದರೂ ಆಸ್ಪತ್ರೆ ಸೇರಿದರು ಅಂತ ಸುದ್ದಿ ಬಂದಾಗ ಗಮನಿಸಿ ನೋಡಿ. ಮೊದಲು ಕೇಳುವುದು ‘ಏನಾಯ್ತು?’ ಅಂತ. ಅದಕ್ಕೆ ಉತ್ತರ ಪೂರ್ತಿ ಬರುವ ಮೊದಲೇ ಎರಡನೆಯ ಪ್ರಶ್ನೆ ಹೊರಟಿರುತ್ತದೆ: ‘ಜೊತೇಲಿ ಯಾರಿದ್ದಾರೆ?’ ದೊಡ್ಡ ಸೊಸೆ ಇದ್ದಾಳಂತೆ, ರಾತ್ರಿಗೆ ಭಾವಮೈದ ಹೋಗ್ತಾನಂತೆ, ನಾಳೆ ಊರಿಂದ ತಂಗಿ ಬರ್ತಾಳಂತೆ ಎಂಬ ಉತ್ತರ ಸಿಕ್ಕಿತೋ, ಕೇಳಿದವರಿಗೆ ಅರ್ಧ ಸಮಾಧಾನ. ಡಾಕ್ಟರು ಯಾರು, ಸ್ಕ್ಯಾನಿಂಗ್‌ನಲ್ಲಿ ಏನು ಬಂತು, ಇವೆಲ್ಲ ಆಮೇಲಿನ ಮಾತು. ಒಬ್ಬರೇ ಇದ್ದಾರಂತೆ ಅಂದರೆ ಮಾತ್ರ, ಕಾಯಿಲೆ ಚಿಕ್ಕದಾಗಿದ್ದರೂ ಕೇಳಿದವರ ಕರುಳು ಚುರುಕ್ ಅನ್ನುತ್ತದೆ.

ಈ ಜೊತೆಗಿರುವವರ ಬಗ್ಗೆಯೇ ಇವತ್ತು ಒಂದಿಷ್ಟು ಮಾತಾಡೋಣ ಅನ್ನಿಸಿದೆ. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ನಿಂತು ‘ಹನ್ನೆರಡನೇ ಬೆಡ್ಡು, ಪೇಶೆಂಟ್ ಕಡೆಯವರು ಯಾರ್ರೀ?’ ಎಂದು ಕೂಗಿದಾಗ, ತಿನ್ನುತ್ತಿದ್ದ ಚಿತ್ರಾನ್ನವನ್ನು ಅಲ್ಲೇ ಮುಚ್ಚಿಟ್ಟು ಕೈ ಒರೆಸಿಕೊಳ್ಳುತ್ತ ಎದ್ದು ಓಡುತ್ತಾರಲ್ಲ, ಅವರು. ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವವರು, ರಿಪೋರ್ಟ್ ತರಲು ಲ್ಯಾಬಿನ ಕ್ಯೂನಲ್ಲಿ ನಿಲ್ಲುವವರು, ಗ್ಲೂಕೋಸ್ ಬಾಟಲಿ ಮುಗಿಯುತ್ತ ಬಂತೆಂದು ರಾತ್ರಿ ಎರಡು ಗಂಟೆಗೆ ನೋಡಿ ಸಿಸ್ಟರನ್ನು ಎಬ್ಬಿಸುವವರು. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿ ಹೋದ ನಾಲ್ಕು ಮಾತಿನಲ್ಲಿ ಎರಡನ್ನಾದರೂ ಹಿಡಿದಿಟ್ಟುಕೊಂಡು ಊರಿಗೆಲ್ಲ ಫೋನ್ ಮಾಡಿ ಹೇಳುವವರೂ ಅವರೇ. ಮಂಚದ ಕೆಳಗೆ ಅವರದೊಂದು ಸಂಸಾರವೇ ಇರುತ್ತದೆ. ಚಾಪೆ, ಬೆಡ್‌ಶೀಟು, ಒಂದು ಲೋಟ, ಚಮಚ, ಮೋಸಂಬಿ, ಬ್ರೆಡ್ಡು, ಮೊಬೈಲ್ ಚಾರ್ಜರು, ಮತ್ತು ಬಿಸಿನೀರಿನ ಫ್ಲಾಸ್ಕು.

ಫ್ಲಾಸ್ಕು ಅಂದೆನಲ್ಲ, ಅದರ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಬಿಸಿಯನ್ನು ಬಿಸಿಯಾಗಿಡಲು ಹುಟ್ಟಿದ ವಸ್ತುವೇ ಅಲ್ಲ ಅದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಅನಿಲಗಳನ್ನು ದ್ರವ ಮಾಡುವ ಪ್ರಯೋಗದಲ್ಲಿ ಮುಳುಗಿದ್ದ. ಅಷ್ಟು ತಣ್ಣನೆಯ ದ್ರವವನ್ನು ಕಾಪಿಡಲು 1892ರಲ್ಲಿ ಎರಡು ಗೋಡೆಯ ಗಾಜಿನ ಪಾತ್ರೆ ಮಾಡಿ, ನಡುವಿನ ಗಾಳಿಯನ್ನು ಹೀರಿ ತೆಗೆದ. ಪೇಟೆಂಟ್ ಮಾಡಿಸಲಿಲ್ಲ. 1904ರಲ್ಲಿ ಜರ್ಮನಿಯವರು ಅದನ್ನೇ ಥರ್ಮಾಸ್ ಎಂದು ಮಾರಾಟಕ್ಕಿಟ್ಟರು. ಅಲ್ಲಿಂದ ಅದು ದಾವಣಗೆರೆಯ, ಕಲಬುರಗಿಯ ಆಸ್ಪತ್ರೆ ಮಂಚದ ಪಕ್ಕದವರೆಗೆ ಬಂತು. ಯಾವುದೋ ಪ್ರಯೋಗಶಾಲೆಯ ಅಗತ್ಯ, ನಮ್ಮ ಬಾಣಂತಿಯ ಬಿಸಿನೀರು! ಸಂಶೋಧನೆ ಎಲ್ಲಿ ಹುಟ್ಟಿ ಯಾರ ಕೈ ಸೇರುತ್ತದೆ ಅನ್ನುವುದನ್ನು ಯೋಚಿಸುತ್ತ ಕೂತರೆ ನನಗಂತೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇರಲಿ. ಪೇಶೆಂಟ್ ಕಡೆಯವರು ಮಂಚದ ಪಕ್ಕ ಇರುವುದು ನಮಗೆ ಎಷ್ಟು ಸಹಜ ಅಂದರೆ, ಅವರು ಇಲ್ಲದ ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ಅಂಥ ಆಸ್ಪತ್ರೆಗಳಿದ್ದವು. ಅದೂ ಚಿಕ್ಕ ಮಕ್ಕಳ ವಾರ್ಡುಗಳು. 1949ರ ಲಂಡನ್ನಿನ ಮಾತು ಕೇಳಿ. ಗೈಸ್ ಆಸ್ಪತ್ರೆಯಲ್ಲಿ ಮಗುವನ್ನು ನೋಡಲು ಅಪ್ಪ ಅಮ್ಮನಿಗೆ ಅವಕಾಶವಿದ್ದದ್ದು ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ. ಸಂಜೆ ಏಳರಿಂದ ಎಂಟರ ನಡುವೆ, ಮಗು ಮಲಗಿದ ಮೇಲೆ, ದೂರದಿಂದ ನೋಡಿ ಹೋಗಬಹುದಿತ್ತು. ಮಗು ಎಚ್ಚರವಿದ್ದಾಗ ಅಮ್ಮ ಕಂಡರೆ ಅಳುತ್ತದೆ, ಅತ್ತರೆ ವಾರ್ಡಿನ ಶಿಸ್ತು ಕೆಡುತ್ತದೆ, ಸೋಂಕು ಬೇರೆ ಬರುತ್ತದೆ ಅನ್ನುವುದು ಲೆಕ್ಕಾಚಾರ. ಅಮ್ಮ ಬರದಿದ್ದರೆ ಮಗು ಮೊದಲ ಕೆಲವು ದಿನ ಅತ್ತು ಆಮೇಲೆ ‘ಹೊಂದಿಕೊಳ್ಳುತ್ತದೆ’ ಎಂದು ಒಳ್ಳೆಯ ಮನಸ್ಸಿನ ನರ್ಸುಗಳೂ ನಂಬಿದ್ದರು.

ಅದು ಹೊಂದಿಕೆಯಲ್ಲ, ಕೈಚೆಲ್ಲಿ ಕೂತದ್ದು ಎಂದು ಕಂಡುಕೊಂಡವರು ಜೇಮ್ಸ್ ರಾಬರ್ಟ್‌ಸನ್. ಟಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಜಾನ್ ಬೌಲ್ಬಿಯವರ ಜೊತೆ ಕೆಲಸ ಮಾಡುತ್ತಿದ್ದವರು. ಮಕ್ಕಳ ವಾರ್ಡಿನಲ್ಲಿ ಕೂತು ನೋಡುವುದೇ ಅವರ ಕೆಲಸ. ನೋಡಿದ್ದನ್ನು ಹೇಳಿದರೆ ಡಾಕ್ಟರುಗಳು ಒಪ್ಪಲಿಲ್ಲ. ಆಗ ಅವರು ಏನು ಮಾಡಿದರು ಗೊತ್ತೇ? ಕೈಯಲ್ಲೊಂದು ಚಿಕ್ಕ ಕ್ಯಾಮೆರಾ ಹಿಡಿದರು. ಹೊಕ್ಕುಳಿನ ಹರ್ನಿಯಾ ಆಪರೇಷನ್ನಿಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ, ಎರಡೂವರೆ ವರ್ಷವೂ ತುಂಬದ ಲಾರಾ ಎಂಬ ಹುಡುಗಿಯನ್ನು ದಿನವೂ ಚಿತ್ರೀಕರಿಸಿದರು. 1952ರಲ್ಲಿ ಆ ಚಿತ್ರವನ್ನು ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ತೋರಿಸಿದಾಗ ವೈದ್ಯರ ಸಭೆ ಸಿಟ್ಟಾಯಿತು. ವೃತ್ತಿಗೇ ಅವಮಾನ ಅಂದವರಿದ್ದರು. ಆದರೆ ಕಣ್ಣಿಂದ ಕಂಡದ್ದನ್ನು ಎಷ್ಟು ದಿನ ಅಲ್ಲಗಳೆಯುತ್ತಾರೆ? 1959ರಲ್ಲಿ ಸರ್ಕಾರದ ಪ್ಲಾಟ್ ವರದಿ ಬಂತು. ತಂದೆತಾಯಿಗಳಿಗೆ ಯಾವಾಗ ಬೇಕಾದರೂ ಪ್ರವೇಶ ಕೊಡಿ, ಚಿಕ್ಕ ಮಕ್ಕಳ ಜೊತೆ ತಾಯಿಗೂ ಇರಲು ಜಾಗ ಮಾಡಿ ಎಂದಿತು. ಆ ವರದಿ ಜಾರಿಗೆ ಬರಲು ಮತ್ತೆ ವರ್ಷಗಳೇ ಹಿಡಿದವು ಅನ್ನಿ.

ನನಗೆ ಈ ಕಥೆಯಲ್ಲಿ ಹಿಡಿಸುವುದು ರಾಬರ್ಟ್‌ಸನ್ ಅವರ ತಾಳ್ಮೆ. ಹೊಸ ಔಷಧಿ ಕಂಡುಹಿಡಿಯಲಿಲ್ಲ, ಯಂತ್ರ ಕಟ್ಟಲಿಲ್ಲ. ಎಲ್ಲರ ಕಣ್ಣೆದುರಿಗೇ ಇದ್ದದ್ದನ್ನು ಕೂತು ನೋಡಿದರು. ಆಸ್ಪತ್ರೆಯ ಸಂಶೋಧನೆ ಅಂದರೆ ಬಿಳಿ ಕೋಟು, ಟೆಸ್ಟ್ ಟ್ಯೂಬು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಮಂಚದ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂರುವುದೂ ಸಂಶೋಧನೆಯೇ.

ಅದೇ 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಒಬ್ಬರು ಇನ್ನೊಂದು ದಿಕ್ಕಿನಿಂದ ಇದೇ ಜಾಗಕ್ಕೆ ಬಂದು ಮುಟ್ಟಿದ್ದರು. ಅಮೃತಸರದ ಮಾನಸಿಕ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಡಾ. ವಿದ್ಯಾಸಾಗರ್. ಆಗಿನ ಮಾನಸಿಕ ಆಸ್ಪತ್ರೆಗಳೆಂದರೆ ಎತ್ತರದ ಗೋಡೆ, ಒಳಗೆ ಹೋದವರು ಒಳಗೇ. ಹಾಸಿಗೆಗಳು ತುಂಬಿ ತುಳುಕುತ್ತಿದ್ದವು. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹೊಡೆಸಿದರು. ರೋಗಿಯ ಜೊತೆ ಮನೆಯವರೂ ಬಂದು ಇರಲಿ ಅಂದರು. ಡೇರೆಯ ಮುಂದೆ ಅಡುಗೆ ಮಾಡಿಕೊಂಡು, ರೋಗಿಯನ್ನು ಮೀಯಿಸಿ ಉಣ್ಣಿಸಿ, ಸಂಜೆ ಡಾಕ್ಟರ ಮಾತು ಕೇಳುತ್ತ ಮನೆಯವರು ಅಲ್ಲೇ ಇದ್ದರು. ಗುಣವಾಗುತ್ತ ಬಂದದ್ದನ್ನು ಕಣ್ಣಾರೆ ಕಂಡವರು ಮನೆಗೆ ಕರೆದೊಯ್ಯಲು ಹೆದರುತ್ತಾರೆಯೇ? ಹುಚ್ಚು ಎಂದರೆ ದೂರ ಓಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರೂ ಅದೇ ದಶಕದಲ್ಲಿ ಮನೆಯವರನ್ನು ಜೊತೆಗಿರಿಸಿಕೊಂಡು ಚಿಕಿತ್ಸೆ ಕೊಡತೊಡಗಿದರು.

ಅಲ್ಲಿಂದ ಬೆಂಗಳೂರಿಗೆ ಬರೋಣ. ಹೊಸೂರು ರಸ್ತೆಯ ನಿಮ್ಹಾನ್ಸ್. ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ 1974ರಲ್ಲಿ ಒಂದಾಗಿ ಆದದ್ದು ಇದು. ಅಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಒಂದು ಪ್ರಶ್ನಾವಳಿ ಮಾಡಿದರು. 1981ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಅದು ಪ್ರಕಟವಾಯಿತು. ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲ ಅವು, ರೋಗಿಯ ಮನೆಯವರನ್ನು ಕೇಳುವಂಥವು. ಒಟ್ಟು 24. ಕಾಯಿಲೆಯಿಂದ ಮನೆಯ ಸಂಪಾದನೆ ಎಷ್ಟು ತಗ್ಗಿತು, ಸಾಲ ಆಯಿತೇ, ದಿನದ ಕೆಲಸ ಎಷ್ಟು ಏರುಪೇರಾಯಿತು, ಮನೆಯವರ ಬಿಡುವು, ಮನರಂಜನೆ ಎಲ್ಲ ಏನಾಯಿತು, ಮನೆಯೊಳಗೆ ಜಗಳ ಹೆಚ್ಚಿತೇ, ನೋಡಿಕೊಳ್ಳುವವರ ಮೈ ಹೇಗಿದೆ, ಮನಸ್ಸು ಹೇಗಿದೆ. ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ನಲವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಸಂಶೋಧಕರು ಆ ಪ್ರಶ್ನಾವಳಿಯನ್ನು ಬಳಸುತ್ತಲೇ ಇದ್ದಾರೆ. ಯೋಚಿಸಿ ನೋಡಿ: ಮಗನಿಗೆ ಕಾಯಿಲೆ ಬಂದು ವರ್ಷಗಟ್ಟಲೆ ಓಡಾಡಿದ ತಾಯಿಯನ್ನು, ನಿಮಗೆ ರಾತ್ರಿ ನಿದ್ದೆ ಬರುತ್ತದೆಯೇ ಅಂತ ಯಾರು ಕೇಳಿದ್ದರು? ಕೇಳಿದ್ದರೂ ಅದನ್ನು ಬರೆದಿಟ್ಟುಕೊಂಡವರು ಯಾರು? ‘ನಮ್ಮ ಜನರಲ್ಲಿ ಕುಟುಂಬ ಇದೆ, ನೋಡಿಕೊಳ್ಳುತ್ತದೆ’ ಎಂದು ಹೆಮ್ಮೆಯಿಂದ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆ ನೋಡಿಕೊಳ್ಳುವಿಕೆಯ ಭಾರ ಎಷ್ಟು ಎಂದು ತೂಗಿ ನೋಡಿದ ಆ ಇಬ್ಬರ ಮೇಲೆ ನನಗೆ ತುಂಬ ಗೌರವ.

ಮಾತು ಸ್ವಲ್ಪ ಭಾರವಾಯಿತು. ನಾಲಿಗೆಗೆ ಒಂದಿಷ್ಟು ಉಪ್ಪು ಸಕ್ಕರೆ ಹಾಕೋಣ.

1971. ಯುದ್ಧಕ್ಕೆ ಸಿಕ್ಕ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಲಕ್ಷ ಲಕ್ಷ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬರುತ್ತಿದ್ದಾರೆ. ಗಡಿಯ ಹತ್ತಿರದ ಬನಗಾಂವ್ ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆಂದು ಇದ್ದದ್ದು ಎರಡು ಕೋಣೆ, 16 ಹಾಸಿಗೆ. ಉಳಿದವರು ನೆಲದ ಮೇಲೆ. ಕಲ್ಕತ್ತೆಯಿಂದ ಡಾ. ದಿಲೀಪ್ ಮಹಾಲನಬಿಸ್ ಅಲ್ಲಿಗೆ ಬಂದು ನೋಡುತ್ತಾರೆ: ವಾಂತಿ ಭೇದಿಯ ನಡುವೆ ಮಂಡಿಯೂರಿ ಒಬ್ಬೊಬ್ಬರಿಗೇ ಸಲೈನ್ ಸೂಜಿ ಚುಚ್ಚುತ್ತ ಹೋದರೆ ಸಲೈನೂ ಸಾಲದು, ಚುಚ್ಚುವ ಕೈಗಳೂ ಸಾಲವು. ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದರೆ ಕಾಲರಾ ರೋಗಿ ಬದುಕಬಲ್ಲ ಎಂದು ಡೇವಿಡ್ ನೇಲಿನ್, ರಿಚರ್ಡ್ ಕ್ಯಾಶ್ ಎಂಬ ವೈದ್ಯರು 1968ರಲ್ಲೇ ಢಾಕಾದ ಕಡೆ ತೋರಿಸಿದ್ದರು. ಆದರೆ ಅದು ಶಿಸ್ತಾದ ವಾರ್ಡಿನಲ್ಲಿ, ತರಬೇತಾದ ಸಿಬ್ಬಂದಿಯ ಕಣ್ಗಾವಲಿನಲ್ಲಿ. ಇಲ್ಲಿ ಸಿಬ್ಬಂದಿ ಎಲ್ಲಿದ್ದಾರೆ?

ಇದ್ದವರು ಪೇಶೆಂಟ್ ಕಡೆಯವರು. ಅಕ್ಕ, ಅಮ್ಮ, ಗಂಡ, ಪಕ್ಕದ ಮನೆಯಾಕೆ. ಮಹಾಲನಬಿಸ್ ಈ ಮನೆಯವರ ಕೈಗೇ ಲೋಟ ಕೊಟ್ಟರು. ಕಲ್ಕತ್ತೆಯಲ್ಲಿ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಅಂಟಿಸಿ ಗಡಿಗೆ ಕಳಿಸುತ್ತಿದ್ದರು. ಅಲ್ಲಿ ಡ್ರಮ್ಮಿನಲ್ಲಿ ಕದಡಿ ಇಡುವುದು, ಮನೆಯವರು ಲೋಟ ತುಂಬಿಕೊಂಡು ಹೋಗಿ ಕುಡಿಸುವುದು. ವಾಂತಿಯಾದರೂ ಬಿಡಬೇಡಿ, ಸ್ವಲ್ಪ ತಡೆದು ಮತ್ತೆ ಕುಡಿಸಿ ಅನ್ನುವುದೊಂದೇ ಪಾಠ. ನಿರಾಶ್ರಿತರ ಶಿಬಿರಗಳಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ಅವರ ಕೈಕೆಳಗೆ ಬಂದವರಲ್ಲಿ 3.6ಕ್ಕೆ ಇಳಿಯಿತು. ಅದರ ವರದಿ ಅಚ್ಚಾದದ್ದು 1973ರಲ್ಲಿ. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ, ಈ ಶತಮಾನದ ಅತ್ಯಂತ ಮುಖ್ಯ ವೈದ್ಯಕೀಯ ಮುನ್ನಡೆ ಇದೇ ಆಗಿರಬಹುದು ಎಂಬ ಅರ್ಥದಲ್ಲಿ ಸಂಪಾದಕೀಯ ಬರೆಯಿತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ.

ಉಪ್ಪುನೀರಿಗೆ ಸಕ್ಕರೆ ಯಾಕೆ ಬೇಕು ಅನ್ನುವುದು ಕೂಡ ಸೊಗಸಾದ ವಿಷಯ. ಬರೀ ಉಪ್ಪುನೀರು ಕುಡಿಸಿದರೆ ಕಾಲರಾದಲ್ಲಿ ಕರುಳು ಅದನ್ನು ಹೀರುವುದಿಲ್ಲ, ಭೇದಿಯಾಗಿ ಹೋಗಿಬಿಡುತ್ತದೆ. ಆದರೆ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಕೈ ಕೈ ಹಿಡಿದು ಒಳಗೆ ಹೋಗುವ ಒಂದು ಬಾಗಿಲಿದೆ. ಅವುಗಳ ಹಿಂದೆ ನೀರೂ ಒಳಹೋಗುತ್ತದೆ. ಕಾಲರಾದ ವಿಷ ಬೇರೆಲ್ಲ ಕೆಡಿಸಿದರೂ ಈ ಬಾಗಿಲನ್ನು ಮುಚ್ಚುವುದಿಲ್ಲ. 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ರಾಬರ್ಟ್ ಕ್ರೇನ್ ಈ ಜೋಡಿ ಪ್ರಯಾಣವನ್ನು ವಿವರಿಸಿದಾಗ ಬನಗಾಂವ್‌ನ ಡ್ರಮ್ಮು ಅವರ ಕನಸಿನಲ್ಲೂ ಇದ್ದಿರಲಾರದು. ನಮ್ಮ ಅಜ್ಜಿಯಂದಿರು ಭೇದಿಯಾದ ಮಗುವಿಗೆ ಉಪ್ಪು ಹಾಕಿದ ಗಂಜಿತಿಳಿ ಕುಡಿಸುತ್ತಿದ್ದರಲ್ಲ, ಅದರಲ್ಲೂ ಇದೇ ತತ್ವ ಕೆಲಸ ಮಾಡುತ್ತದೆ. ಅಕ್ಕಿಯ ಪಿಷ್ಟ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಈ ಉಪ್ಪು-ಸಕ್ಕರೆ ನೀರಿಗೇ ಓಆರ್‌ಎಸ್ ಎಂದು ಹೆಸರು; ಅಕ್ಕಿಹಿಟ್ಟಿನ ಓಆರ್‌ಎಸ್ ಮಾಡಿ ಪ್ರಯೋಗಿಸಿದವರೂ ಇದ್ದಾರೆ. ಹಾಗೆಂದು ಅಜ್ಜಿಗೆ ಎಲ್ಲ ಗೊತ್ತಿತ್ತು ಎಂದು ಎದೆಯುಬ್ಬಿಸುವ ಗುಂಪಿಗೆ ನಾನು ಸೇರಿಲ್ಲ. ಭೇದಿಯಾದರೆ ನೀರೇ ಕೊಡಬಾರದು ಎಂದು ಮಗುವಿನ ಬಾಯಿ ಒಣಗಿಸುತ್ತಿದ್ದ ಅಜ್ಜಿಯಂದಿರೂ ನಮ್ಮಲ್ಲೇ ಇದ್ದರು. ಯಾವ ಅಜ್ಜಿಯ ಮಾತು ಸರಿ ಎಂದು ತೂಗಿ ಹೇಳಲಿಕ್ಕೇ ಸಂಶೋಧನೆ ಬೇಕಾಗುವುದು.

ಈಗಲೂ ನಮ್ಮಲ್ಲಿ ಸ್ವಲ್ಪ ಸುಸ್ತಾದರೆ ‘ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ’ ಎಂದು ಕೈ ಚಾಚುವವರು ಎಷ್ಟು ಜನ! ಅಂಗಡಿಯಲ್ಲಿ ಸಿಗುವ ಓಆರ್‌ಎಸ್‌ನ ಆ ಪುಟ್ಟ ಪ್ಯಾಕೆಟ್ಟಿನ ಮೇಲೆ ನಂಬಿಕೆ ಬರುವುದಿಲ್ಲ. ನಂಬಿ ಸ್ವಾಮಿ, ಅದರೊಳಗೆ ಒಂದು ಯುದ್ಧದ ನೆನಪಿದೆ.

ಅಜ್ಜಿಯ ಮಾತು ಬಂದದ್ದರಿಂದ ಬಾಣಂತಿಕೋಣೆಗೂ ಒಂದು ಸುತ್ತು ಹೋಗಿ ಬರೋಣ. ದಿನ ತುಂಬುವ ಮೊದಲೇ ಹುಟ್ಟಿದ, ಒಂದೂವರೆ ಕಿಲೋ ತೂಗುವ ಕೂಸು. ಅದಕ್ಕೆ ಮೈ ಬಿಸಿ ಉಳಿಸಿಕೊಳ್ಳುವ ಶಕ್ತಿಯಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಡಬೇಕು. ಪೆಟ್ಟಿಗೆಗಳು ಸಾಲದಿದ್ದರೆ? ಕೊಲಂಬಿಯಾ ದೇಶದ ಬೊಗೋಟಾ ನಗರದ ತಾಯಿಮಕ್ಕಳ ಆಸ್ಪತ್ರೆಯಲ್ಲಿ ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸಬೇಕಾಗಿತ್ತು. ಒಂದರ ಸೋಂಕು ಇನ್ನೊಂದಕ್ಕೆ. 1978ರಲ್ಲಿ ಡಾ. ಎಡ್ಗರ್ ರೇ ಒಂದು ದಾರಿ ಹುಡುಕಿದರು, ಮರುವರ್ಷ ಡಾ. ಹೆಕ್ಟರ್ ಮಾರ್ಟಿನೆಜ್ ಕೈಜೋಡಿಸಿದರು: ಕೂಸನ್ನು ತಾಯಿಯ ಬರಿ ಎದೆಗೆ ನೆಟ್ಟಗೆ ಒರಗಿಸಿ, ಬಟ್ಟೆಯಿಂದ ಕಟ್ಟಿ, ಹಗಲು ರಾತ್ರಿ ಅಲ್ಲೇ ಇರಿಸುವುದು. ಎದೆಹಾಲು ಮಾತ್ರ ಕೊಡುವುದು. ಕಾಂಗರೂ ಆರೈಕೆ ಎಂದು ಹೆಸರಾಯಿತು.

ಬಡವರ ಉಪಾಯ ಎಂದು ಬಹಳ ಕಾಲ ಅದನ್ನು ಪಕ್ಕಕ್ಕಿಟ್ಟಿದ್ದರು. ಆಮೇಲೆ ಒಪ್ಪಿದರೂ, ಮಗು ಮೊದಲು ಪೆಟ್ಟಿಗೆಯಲ್ಲಿ ಸುಧಾರಿಸಲಿ, ಆಮೇಲೆ ತಾಯಿಯ ಎದೆಗೆ ಎಂಬ ನಿಯಮವಿತ್ತು. ತೀರಾ ಸಣ್ಣ ಕೂಸುಗಳು ಸಾಯುವುದು ಹೆಚ್ಚಾಗಿ ಆ ಸುಧಾರಿಸುವ ದಿನಗಳಲ್ಲೇ! ಹಾಗಾದರೆ ಹುಟ್ಟಿದ ಕೂಡಲೇ ಶುರುಮಾಡಿದರೆ ಹೇಗೆ? ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳಲ್ಲಿ 3,211 ಕೂಸುಗಳನ್ನು ಸೇರಿಸಿಕೊಂಡು ನೋಡಿದರು. ನಮ್ಮದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಅದಕ್ಕಾಗಿ ಐಸಿಯುವನ್ನೇ ಬದಲಾಯಿಸಬೇಕಾಯಿತು: ಕೂಸಿನ ಯಂತ್ರಗಳ ಪಕ್ಕದಲ್ಲೇ ತಾಯಿಗೂ ಮಂಚ. ತಾಯಿ ಆಪರೇಷನ್ನಾಗಿ ಮಲಗಿದ್ದರೆ ಅಜ್ಜಿಯೋ ಚಿಕ್ಕಮ್ಮನೋ ಎದೆಯೊಡ್ಡಬೇಕು. ದಿನಕ್ಕೆ ಸುಮಾರು 17 ಗಂಟೆ ಹಾಗೆ ಹೊತ್ತರು. ಮೊದಲ 28 ದಿನದ ಸಾವು ಹಳೆಯ ಕ್ರಮದಲ್ಲಿ ನೂರಕ್ಕೆ 15.7 ಇದ್ದದ್ದು ಇಲ್ಲಿ 12. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿ, ಎಲ್ಲ ಕೂಸುಗಳಿಗೂ ಇದನ್ನೇ ಮಾಡಿ ಎಂದರು. 2021ರಲ್ಲಿ ಫಲಿತಾಂಶ ಬಂತು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ತಿದ್ದಿತು.

ನಮ್ಮ ಕೊಪ್ಪಳ ಜಿಲ್ಲೆಗೂ ಈ ಕಥೆಯಲ್ಲಿ ಜಾಗವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ರಾಜ್ಯ ಸರ್ಕಾರದ ಜೊತೆ ಸೇರಿ, ಇಡೀ ಜಿಲ್ಲೆಯಲ್ಲಿ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಕಾಂಗರೂ ಆರೈಕೆ ತಲುಪಿಸುವುದು ಹೇಗೆ ಎಂದು ಕೆಲಸ ಮಾಡಿದ್ದಾರೆ. ಒಂದು ಒಳ್ಳೆಯ ಆಸ್ಪತ್ರೆಯಲ್ಲಿ ಮಾಡಿ ತೋರಿಸುವುದು ಒಂದು, ಇಡೀ ಜಿಲ್ಲೆಗೆ ಹಬ್ಬಿಸುವುದು ಇನ್ನೊಂದು. ತಾಯಿಗೆ ಒರಗಿ ಕೂರಲು ಕುರ್ಚಿ ಬೇಕು, ಮರೆಗೆ ಪರದೆ ಬೇಕು, ಊಟ ಬೇಕು. ಮನೆಗೆ ಹೋದ ಮೇಲೆ ‘ಸೊಸೆ ಇಡೀ ದಿನ ಮಗುವನ್ನು ಕಟ್ಟಿಕೊಂಡು ಕೂತರೆ ರೊಟ್ಟಿ ಬಡಿಯುವವರು ಯಾರು?’ ಅನ್ನುವ ಅತ್ತೆಗೂ ಇದು ಚಿಕಿತ್ಸೆ ಕಣಮ್ಮಾ ಎಂದು ತಿಳಿಹೇಳಬೇಕು. ಅತ್ತೆಯೇ ಒಂದು ಹೊತ್ತು ಎದೆಗೆ ಕಟ್ಟಿಕೊಂಡರೆ ಇನ್ನೂ ಚೆಂದ.

ಅಂದ ಹಾಗೆ, ಜೊತೆಗೆ ಯಾರೂ ಇಲ್ಲದವನಿಗೆ ಒಂದು ಮರ ಸಹ ಸ್ವಲ್ಪ ಆಸರೆಯಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ಹಳೆಯ ದಾಖಲೆ ತೆಗೆದು ರೋಜರ್ ಉಲ್ರಿಚ್ 1984ರಲ್ಲಿ ಒಂದು ಲೇಖನ ಬರೆದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಜನ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಜನ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋಗಿದ್ದರು, ಪ್ರಬಲ ನೋವುನಿವಾರಕಗಳನ್ನು ಕಡಿಮೆ ತೆಗೆದುಕೊಂಡಿದ್ದರು. ಚಿಕ್ಕ ಅಧ್ಯಯನ; ಅದರ ಮೇಲೆ ದೊಡ್ಡ ಮಹಲು ಕಟ್ಟಬೇಕಿಲ್ಲ. ಆದರೂ ಬೆಡ್ ಆರಿಸುವ ಅವಕಾಶ ಸಿಕ್ಕರೆ ನಾನು ಕಿಟಕಿ ಪಕ್ಕದ್ದೇ ಕೇಳುತ್ತೇನೆ.

ಮತ್ತೆ ನಮ್ಮ ಕಾರಿಡಾರಿಗೆ ಬರೋಣ. 2012ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದರು. ಕಡಿಮೆ ಖರ್ಚಿನಲ್ಲಿ ಏನು ಉಪಯೋಗವಾಗುವಂಥದ್ದು ಮಾಡಬಹುದು ಎಂದು ಹುಡುಕುವುದು ಅವರ ತರಗತಿಯ ಕೆಲಸ. ಯಂತ್ರವನ್ನೋ ಆ್ಯಪನ್ನೋ ಮಾಡಬಹುದಿತ್ತು. ಅವರ ಕಣ್ಣಿಗೆ ಬಿದ್ದದ್ದು ಹೊರಗೆ ಗಂಟೆಗಟ್ಟಲೆ, ದಿನಗಟ್ಟಲೆ ಕಾಯುತ್ತ ಕೂತ ಮನೆಯವರು. ಹೃದಯದ ಆಪರೇಷನ್ನಾದ ಅಪ್ಪನನ್ನು ನಾಳೆ ಬಂಗಾಳದ ಹಳ್ಳಿಗೋ ಬೀದರಿಗೋ ಕರೆದೊಯ್ಯಬೇಕಾದವರು ಇವರೇ, ಆದರೆ ಇವರಿಗೆ ಯಾರೂ ಕೂರಿಸಿಕೊಂಡು ಏನೂ ಹೇಳಿಲ್ಲ. ಹೇಳಿಕೊಟ್ಟರೆ? ಕೈ ಹೇಗೆ ತೊಳೆಯಬೇಕು, ಹೊಲಿಗೆ ಹಾಕಿದ ಗಾಯವನ್ನು ಹೇಗೆ ನೋಡಿಕೊಳ್ಳಬೇಕು, ಉಸಿರಾಟದ ವ್ಯಾಯಾಮ ಹೇಗೆ ಮಾಡಿಸಬೇಕು, ಏನು ಕಂಡರೆ ತಡಮಾಡದೆ ವಾಪಸು ಕರೆತರಬೇಕು. ವಾರ್ಡಿನಲ್ಲೇ, ನರ್ಸಿನ ಬಾಯಿಂದಲೇ, ಅವರವರ ಭಾಷೆಯಲ್ಲಿ ಪಾಠ. ಅದೇ ಮುಂದೆ ನೂರಾ ಹೆಲ್ತ್ ಎಂಬ ಸಂಸ್ಥೆಯಾಗಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬೇರೆ ರಾಜ್ಯಗಳಿಗೂ ಹೋಯಿತು. ಕಾಯುವ ಹೊತ್ತನ್ನು ಕಲಿಯುವ ಹೊತ್ತಾಗಿಸಿದ್ದು ಎಷ್ಟು ಸರಳ! ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ?

ಹಾಗಾದರೆ ಮನೆಯವರಿಗೆ ಹೇಳಿಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಇದನ್ನೂ ಹೇಳಬೇಕು. ಪಾರ್ಶ್ವವಾಯು ಬಡಿದವರಿಗೆ ಫಿಸಿಯೋಥೆರಪಿ ಸಿಗುವುದು ನಮ್ಮಲ್ಲಿ ಕಷ್ಟ. ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೆ ಹೇಗೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ: ಆರು ತಿಂಗಳ ಕೊನೆಗೆ ತೀರಿಕೊಂಡವರು ಅಥವಾ ಇನ್ನೊಬ್ಬರನ್ನು ಅವಲಂಬಿಸಿದವರು ತರಬೇತಿ ಸಿಕ್ಕ ಗುಂಪಿನಲ್ಲಿ ನೂರಕ್ಕೆ 47, ಸಿಗದ ಗುಂಪಿನಲ್ಲೂ 47. ಓದಿದಾಗ ನನಗೆ ಬೇಸರವಾಯಿತು, ನಿಜ. ಆದರೆ ಅದನ್ನು ಮುಚ್ಚಿಡದೆ ಅಚ್ಚು ಹಾಕಿದ್ದಾರಲ್ಲ, ಅದು ದೊಡ್ಡದು. ಪ್ರೀತಿಯಿಂದ ಕೈಕಾಲು ತಿಕ್ಕುವ ಮಗಳ ಮೇಲೆ ಫಿಸಿಯೋಥೆರಪಿಸ್ಟಿನ ಕೆಲಸವನ್ನೂ ಹೊರಿಸಿ ಸರ್ಕಾರ ಆರಾಮಾಗಿ ಕೂರುವಂತಿಲ್ಲ ಎಂದು ಆ ಅಂಕಿ ಹೇಳುತ್ತದೆ, ನನ್ನ ಪ್ರಕಾರ.

ಐಸಿಯುವಿನ ಬಾಗಿಲ ಮುಂದೆ ನಿಂತವರ ಮಾತು ಬೇರೆ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಒಬ್ಬೊಬ್ಬರೇ, ಹಸಿರು ಗೌನು ಹಾಕಿಕೊಂಡು. ಹೆಚ್ಚು ಜನ ಬಂದರೆ ಸೋಂಕು ಎನ್ನುವ ಭಯ ಅರ್ಥವಾಗುವಂಥದ್ದೇ. ಬ್ರೆಜಿಲ್ಲಿನ 36 ಐಸಿಯುಗಳಲ್ಲಿ ಇದನ್ನೇ ಪರೀಕ್ಷಿಸಿದರು. ಮನೆಯವರಿಗೆ ಮೊದಲು ಒಂದು ಪಾಠ ಹೇಳಿ, ದಿನಕ್ಕೆ 12 ಗಂಟೆಯವರೆಗೆ ಪಕ್ಕದಲ್ಲಿ ಕೂರಲು ಬಿಟ್ಟರು. 2019ರಲ್ಲಿ ಬಂದ ಫಲಿತಾಂಶ ಹೀಗಿತ್ತು: ರೋಗಿಗಳಿಗೆ ಐಸಿಯುನಲ್ಲಿ ಆಗುವ ಮತಿಗೊಂದಲ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಸೋಂಕೂ ಹೆಚ್ಚಾಗಲಿಲ್ಲ. ಆದರೆ ಮನೆಯವರ ಆತಂಕ, ಖಿನ್ನತೆ ಇಳಿದಿತ್ತು. ನಮ್ಮ ಐಸಿಯುಗಳಲ್ಲಿ ಜಾಗ ಚಿಕ್ಕದು, ನರ್ಸುಗಳು ಕಡಿಮೆ, ನೆಂಟರು ಬಹಳ. ಬ್ರೆಜಿಲ್ಲಿನದನ್ನು ಹಾಗೇ ಇಲ್ಲಿ ತಂದಿಡಲಾಗದು. ಅರ್ಧ ಗಂಟೆ ಹೆಚ್ಚು ಕೊಡಬಹುದಲ್ಲವೇ?

ಯುರೋಪಿನ ಉತ್ತರದ ದೇಶಗಳಲ್ಲಿ ಇನ್ನೊಂದು ರೂಢಿ ಇದೆ. ಪ್ರಜ್ಞೆಯಿಲ್ಲದೆ ಮಲಗಿದವರ ಪಕ್ಕ ಒಂದು ಡೈರಿ ಇಡುತ್ತಾರೆ. ನರ್ಸೂ ಬರೆಯುತ್ತಾಳೆ, ಮನೆಯವರೂ ಬರೆಯುತ್ತಾರೆ: ಇವತ್ತು ಮಳೆ ಬಂತು, ನಿಮ್ಮ ಮೊಮ್ಮಗ ಶಾಲೆಗೆ ಸೇರಿದ, ನಿಮಗೆ ಜ್ವರ ಇಳಿಯಿತು. ಎಚ್ಚರವಾದ ಮೇಲೆ, ಕಳೆದುಹೋದ ದಿನಗಳನ್ನು ಆ ಪುಟಗಳಿಂದ ಹೊಂದಿಸಿಕೊಳ್ಳಬಹುದು. 2010ರ ಒಂದು ಅಧ್ಯಯನದಲ್ಲಿ, ಐಸಿಯುವಿನ ಭಯಾನಕ ನೆನಪುಗಳು ಬೆನ್ನು ಹತ್ತಿ ಕಾಡುವ ಕಾಯಿಲೆ ಡೈರಿ ಸಿಕ್ಕವರಲ್ಲಿ ನೂರಕ್ಕೆ 5, ಸಿಗದವರಲ್ಲಿ 13. ಆಮೇಲೆ 2019ರಲ್ಲಿ ಫ್ರಾನ್ಸಿನವರು ನೋಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಚರ್ಚೆ ಮುಗಿದಿಲ್ಲ. ನನಗಂತೂ ಆ ಡೈರಿಯ ಆಲೋಚನೆ ಬಹಳ ಇಷ್ಟ. ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಅದೇ ವಿಡಿಯೋ ಮತ್ತೆ ಮತ್ತೆ ನೋಡುವ ಬದಲು ಅಪ್ಪನಿಗೆ ನಾಲ್ಕು ಸಾಲು ಬರೆಯುವುದು ಬರೆಯುವವರಿಗೂ ಒಳ್ಳೆಯದು.

ಬರೆಯುವ ಮಾತಿಗೆ ಡಿಸ್ಚಾರ್ಜ್ ಚೀಟಿ ನೆನಪಾಯಿತು. ಬಿಲ್ ಕಟ್ಟಿ, ಬ್ಯಾಗು ಕಟ್ಟಿ, ಆಟೋ ಕರೆದು ನಿಲ್ಲಿಸಿದ ಗಡಿಬಿಡಿಯಲ್ಲಿ ಕೈಗೆ ಬರುವ ಮೂರು ಹಾಳೆ. ಎಲ್ಲ ಇಂಗ್ಲಿಷು. ಔಷಧಿ ಅಂಗಡಿಯವರು ಪುಣ್ಯವಂತರು, ಮಾತ್ರೆಯ ಕವರಿನ ಮೇಲೆ 1-0-1 ಎಂದು ಬರೆದು, ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಬಾಯಲ್ಲೂ ಹೇಳುತ್ತಾರೆ. ಕೆಲವರು ಸೂರ್ಯ, ಚಂದ್ರನ ಚಿತ್ರವನ್ನೂ ಹಾಕಿಕೊಡುತ್ತಾರೆ. ಆ ಮೂರು ಹಾಳೆಯನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಳಿಯುವ ಹಾಗೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದೇ ಪುಟಕ್ಕೆ ಇಳಿಸಿ ಕೊಟ್ಟರೆ ಏನಾಗಬಹುದು? ಒಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ ಕನ್ನಡದ ಚೀಟಿ, ಪಕ್ಕದ ತಾಲ್ಲೂಕಿನಲ್ಲಿ ಈಗಿರುವುದೇ. ತಿಂಗಳು ಕಳೆದ ಮೇಲೆ ಎರಡೂ ಕಡೆಯ ಮನೆಗಳಿಗೆ ಹೋಗಿ, ಮಾತ್ರೆ ಎಷ್ಟು ಜನ ಸರಿಯಾಗಿ ತೆಗೆದುಕೊಂಡರು, ಎಷ್ಟು ಜನ ಮತ್ತೆ ಅಡ್ಮಿಟ್ ಆದರು ಎಂದು ಎಣಿಸಬೇಕು. ಎರಡೂ ಕಡೆ 47 ಬಂದರೆ ಅದನ್ನೂ ಹಾಗೇ ಅಚ್ಚು ಹಾಕಬೇಕು. ಇಂಥ ಅಧ್ಯಯನಕ್ಕೆ ಹೊರಟಿರುವ ಎಂ.ಡಿ. ವಿದ್ಯಾರ್ಥಿಗಳೋ ನರ್ಸಿಂಗ್ ಕಾಲೇಜಿನವರೋ ನಿಮ್ಮ ಬಳಗದಲ್ಲಿದ್ದರೆ ಕರೆದುಕೊಂಡು ಬನ್ನಿ. ಫಿಲ್ಟರ್ ಕಾಫಿ ನಮ್ಮ ಮನೆಯದು, ಮತ್ತು ಆ ಕನ್ನಡದ ಪುಟವನ್ನು ಬರೆದುಕೊಡಲು ನಾನೂ ಕೂರುತ್ತೇನೆ.